ಹರಕೆ ಇಲ್ಲದೆಯೂ ಇಬ್ಬರೇ ಹೋಗಿ ಬನ್ನಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಯಾವ ಊರಿನಲ್ಲೇ ಆಗಲಿ, ಗಂಡ ಹೆಂಡತಿ ಇಬ್ಬರೇ ಚೀಲ ಹಿಡಿದು ಬಸ್‌ಸ್ಟ್ಯಾಂಡಿನ ಕಡೆ ಹೊರಟರೆ ಕಟ್ಟೆಯ ಮೇಲೆ ಕುಳಿತವರು ಕೇಳದೆ ಬಿಡುವುದಿಲ್ಲ: ‘ಯಾರದರ ಲಗ್ನ ಐತೇನು?’ ಲಗ್ನ ಇಲ್ಲದಿದ್ದರೆ ಜಾತ್ರೆ, ಜಾತ್ರೆ ಇಲ್ಲದಿದ್ದರೆ ಹರಕೆ, ಅದೂ ಅಲ್ಲದಿದ್ದರೆ ದವಾಖಾನೆ. ‘ಸುಮ್ಮನ ಹೊಂಟೀವ್ರಿ, ಎರಡ ದಿನ ಇದ್ದು ಬರ್ತೀವಿ’ ಎಂದು ಹೇಳುವವರು ಬಹಳ ಕಡಿಮೆ. ಹೇಳಿದವರು ಮನೆಯಲ್ಲಿ ಅತ್ತೆಯ ಗಂಟುಮುಖವನ್ನೂ ಓಣಿಯಲ್ಲಿ ನೆರೆಯವರ ಪಿಸುಮಾತನ್ನೂ ಸಹಿಸಿಕೊಳ್ಳಬೇಕು.

ದುಡಿಯಲು ಹೋಗುವಾಗ ಮಾತ್ರ ಈ ಪ್ರಶ್ನೆ ಯಾರೂ ಕೇಳುವುದಿಲ್ಲ. ಸುಗ್ಗಿ ಬಂತೆಂದರೆ ನಮ್ಮ ತಾಂಡಾಗಳಿಂದ, ಹಳ್ಳಿಗಳಿಂದ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಟ್ರ್ಯಾಕ್ಟರ್ ಹತ್ತುವವರು ಗಂಡ ಹೆಂಡತಿ ಜೋಡಿಯಾಗಿಯೇ ಹತ್ತುತ್ತಾರೆ. ಮುಂಗಡ ಕೊಡುವುದೂ ಜೋಡಿಯ ಲೆಕ್ಕದಲ್ಲಿ. ಊರೂರಿನಿಂದ ಜನ ರಜೆ ಕಳೆಯಲು ಹೋಗುವ ಗೋವಾಕ್ಕೆ ನಮ್ಮವರು ಹೋಗುವುದು ಕಲ್ಲು ಹೊರಲು, ಗಾರೆ ಕಲಸಲು. ವಾಸ್ಕೋದ ಬೈನಾ ಕಡಲತೀರದಲ್ಲಿ ಗುಡಿಸಲು ಹಾಕಿಕೊಂಡಿದ್ದ ಕನ್ನಡಿಗರಲ್ಲಿ ವಿಜಯಪುರ, ಬಾಗಲಕೋಟೆ ಕಡೆಯವರು ಎಷ್ಟೋ ಮಂದಿ. 2004ರಲ್ಲಿ, ಮತ್ತೆ 2017ರಲ್ಲಿ ಅಲ್ಲಿಯ ಮನೆಗಳನ್ನು ಕೆಡವಿದರು. ಸಮುದ್ರದ ದಂಡೆಯಲ್ಲೇ ವರ್ಷಗಟ್ಟಲೆ ಬದುಕಿದ ಆ ಜೋಡಿಗಳಿಗೆ ಒಂದು ಸಂಜೆ ಕೆಲಸವಿಲ್ಲದೆ ಆ ಮರಳಿನ ಮೇಲೆ ಕೂತದ್ದು ನೆನಪಿದೆಯೋ ಇಲ್ಲವೋ ಎಂದು ಯೋಚಿಸಿದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಅದಕ್ಕೇ ಈ ವಾರ ಹೇಳಬೇಕೆನಿಸಿದ್ದು: ಮದುವೆಯಾದವರು ವರ್ಷಕ್ಕೊಮ್ಮೆಯಾದರೂ ಶನಿವಾರ ಹೊರಟು ಭಾನುವಾರ ತಿರುಗಿ ಬರುವಂತೆ ಇಬ್ಬರೇ ಎಲ್ಲಿಗಾದರೂ ಹೋಗಬೇಕು. ಇದು ಶ್ರೀಮಂತರ ಚಟವಲ್ಲ. ಅಡುಗೆಮನೆಯಲ್ಲಿ ಒಬ್ಬರು, ಹೊಲದಲ್ಲಿ ಒಬ್ಬರು ಎಂದು ವರ್ಷವಿಡೀ ಕಳೆಯುವ ಮನೆಗಳಲ್ಲಿ ಗಂಡ ಹೆಂಡತಿಯ ನಡುವಿನ ಮಾತು ಗೊಬ್ಬರ, ಬಡ್ಡಿ, ಮಕ್ಕಳ ಫೀಸುಗಳಿಗೇ ಮುಗಿದುಹೋಗುತ್ತದೆ. ಉಳಿದ ಮಾತಿಗೆ ಮನೆಯಲ್ಲಿ ಜಾಗವೂ ಇಲ್ಲ, ಹೊತ್ತೂ ಇಲ್ಲ.

ಗೋವಾಕ್ಕೇ ಹೋಗಬೇಕೆಂದಿಲ್ಲ. ನಮಗೆ ಕೃಷ್ಣೆ ಇದ್ದಾಳೆ. ಇಂಡಿಯವರು ಇಂಡಿ ರೋಡ್ ಸ್ಟೇಷನ್ನಿನಲ್ಲಿ ರೈಲು ಹತ್ತಿದರೆ ವಿಜಯಪುರ, ಬಸವನ ಬಾಗೇವಾಡಿ ರೋಡ್ ದಾಟಿ ಆಲಮಟ್ಟಿಯಲ್ಲಿ ಇಳಿಯಬಹುದು. ಸಿಂದಗಿ, ಮುದ್ದೇಬಿಹಾಳದವರಿಗೆ ಬಸ್ಸೇ ಗತಿ. ಆದರೆ 2023ರ ಜೂನ್‌ನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲದ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಜೋಡಿಗೆ ಒಂದೇ ಟಿಕೆಟಿನ ಖರ್ಚು. ‘ರೊಕ್ಕ ಎಲ್ಲೈತಿ’ ಎನ್ನುವ ಗಂಡಂದಿರ ಹಳೆಯ ನೆಪ ಅಷ್ಟರಮಟ್ಟಿಗೆ ಸಡಿಲಾಗಿದೆ.

ಆಲಮಟ್ಟಿಗೆ ಮಳೆಗಾಲ ಮುಗಿದ ಮೇಲೆ, ಜಲಾಶಯ ತುಂಬಿದ್ದಾಗ ಹೋಗಬೇಕು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ, 2006ರಲ್ಲಿ ಅಬ್ದುಲ್ ಕಲಾಂ ಅವರು ನಾಡಿಗೆ ಅರ್ಪಿಸಿದ ಅಣೆಕಟ್ಟು ಅದು. 26 ಗೇಟುಗಳ ಹಿಂದೆ 519.6 ಮೀಟರ್ ಮಟ್ಟದವರೆಗೆ ನೀರು ನಿಂತಾಗ 123 ಟಿಎಂಸಿ ಆಗುತ್ತದೆ. ಎರೆಭೂಮಿಯ ಬಯಲಿನಲ್ಲಿ ಬೆಳೆದ ಕಣ್ಣಿಗೆ ಅಷ್ಟು ನೀರು ಒಟ್ಟಿಗೆ ಕಾಣುವುದೇ ಒಂದು ಹಬ್ಬ. ಮೊಘಲ್ ಗಾರ್ಡನ್, ರಾಕ್ ಗಾರ್ಡನ್, ಸಂಗೀತ ಕಾರಂಜಿ ಎಲ್ಲವೂ ಅಲ್ಲಿವೆ.

ಒಂದು ಸಂಜೆ ಅಲ್ಲಿ ಕಂಡ ಜೋಡಿಯನ್ನು ಹೇಳುತ್ತೇನೆ. ಆಕೆ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದಿದ್ದಳು, ಆತ ಧೋತರ ಉಟ್ಟು ಟೊಪ್ಪಿಗೆ ಹಾಕಿದ್ದ. ಬೆಂಚಿನ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು, ನಡುವೆ ಬುತ್ತಿಗಂಟು. ಗಂಟು ಬಿಚ್ಚಿ ಕಡಕ್ ಸಜ್ಜೆ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಬದನೆಕಾಯಿ ಹಾಕಿ ಆಕೆ ಮೊದಲು ಆತನಿಗೆ ಕೊಟ್ಟಳು. ‘ನೀನೂ ತಗೋ’ ಎಂದ ಆತ. ‘ನೀವು ಉಣ್ರಿ ಮೊದಲ’ ಎಂದಳು. ಆತ ರೊಟ್ಟಿ ಮುರಿಯದೆ ಹಾಗೇ ಹಿಡಿದು ಕೂತ. ಕೊನೆಗೆ ಆಕೆಯೂ ಒಂದು ರೊಟ್ಟಿ ಕೈಗೆತ್ತಿಕೊಂಡಳು. ಮನೆಯಲ್ಲಿ ಎಲ್ಲರೂ ಉಂಡೆದ್ದ ಮೇಲೆ ಉಣ್ಣುವ ಹೆಣ್ಣುಮಗಳು ಗಂಡನ ಜೊತೆ, ಅದೇ ಹೊತ್ತಿಗೆ, ಬಿಸಿಲು ಇಳಿಯುವುದನ್ನು ನೋಡುತ್ತ ಉಣ್ಣುತ್ತಿದ್ದಳು. ಕಾರಂಜಿ ಶುರುವಾಗುವ ಹೊತ್ತಿಗೆ ಬುತ್ತಿಗಂಟು ಕೆಳಗೆ ಹೋಗಿತ್ತು.

ಈ ನೀರು ಎಲ್ಲರಿಗೂ ನೋಟವಲ್ಲ, ಅದನ್ನೂ ಹೇಳಲೇಬೇಕು. ಹಿನ್ನೀರಿನಲ್ಲಿ ಬಾಗಲಕೋಟೆಯ ಹಳೆಯ ಓಣಿಗಳು ಮುಳುಗಿ ನವನಗರ ಎದ್ದಿತು, ನದಿಯುದ್ದಕ್ಕೂ ಹಳ್ಳಿಗಳು ಸ್ಥಳ ಬಿಟ್ಟವು. ಮುಳುಗಡೆಯ ಊರುಗಳವರೂ ಇಲ್ಲಿ ಬಂದು ನಿಲ್ಲುತ್ತಾರೆ. ಅವರು ನೋಡುವುದು ನೀರನ್ನಲ್ಲ, ಅದರ ಕೆಳಗಿರುವುದನ್ನು.

ಮರುದಿನ ಕೂಡಲಸಂಗಮ. ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನ ಐಕ್ಯಸ್ಥಳ ನಾರಾಯಣಪುರ ಜಲಾಶಯದ ಹಿನ್ನೀರಿಗೆ ಸಿಕ್ಕಾಗ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಂಡರು. ನೀರಿನ ನಡುವೆ ನಡುಗಡ್ಡೆಯಂತೆ ನಿಂತ ಆ ಮಂಟಪಕ್ಕೆ ಸೇತುವೆಯ ಮೇಲೆ ನಡೆದು ಹೋಗಿ ಮೆಟ್ಟಿಲು ಇಳಿಯಬೇಕು. ಹೆಚ್ಚಿನವರು ಇಲ್ಲಿಗೇ ಯಾತ್ರೆ ಮುಗಿಸಿ ತಿರುಗಿ ಹೋಗುತ್ತಾರೆ. ಹೋಗಬಾರದು. ಹೊಳೆಯ ಆಚೆ, ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯಲ್ಲಿ ಬಸವಣ್ಣನ ಮಡದಿ ನೀಲಾಂಬಿಕೆಯ ಐಕ್ಯಸ್ಥಳವಿದೆ. ಬಸವಣ್ಣ ಕರೆ ಕಳಿಸಿದಾಗ ಕಲ್ಯಾಣದಿಂದ ಹಡಪದ ಅಪ್ಪಣ್ಣನ ಜೊತೆ ಹೊರಟ ನೀಲಮ್ಮ ತಂಗಡಗಿ ಮುಟ್ಟುವಷ್ಟರಲ್ಲಿ ಬಸವಣ್ಣ ಐಕ್ಯನಾದ ಸುದ್ದಿ ಬಂತು, ಆಕೆ ಹೊಳೆ ದಾಟದೆ ಈ ದಂಡೆಯಲ್ಲೇ ಐಕ್ಯಳಾದಳು ಎಂಬುದು ಜನರ ನಂಬಿಕೆ. ಗಂಡ ಒಂದು ದಂಡೆಗೆ, ಹೆಂಡತಿ ಇನ್ನೊಂದು ದಂಡೆಗೆ. ಇಬ್ಬರ ನಡುವೆ ಕೃಷ್ಣೆ. ಜೋಡಿಯಾಗಿ ಹೋದವರು ಎರಡೂ ಕಡೆ ನಿಂತು ನೋಡಿದಾಗಲೇ ಆ ಕಥೆ ಪೂರ್ತಿಯಾಗುತ್ತದೆ. ಸಂಗಮದಲ್ಲಿ ನೆರೆಯುವ ಜನರಲ್ಲಿ ಒಂದಷ್ಟು ಮಂದಿಯಾದರೂ ತಂಗಡಗಿಗೆ ಬರುವಂತೆ ಮಾಡುವುದು ನಮ್ಮ ಜಿಲ್ಲೆಯವರ ಹೊಣೆ.

ಅದಕ್ಕೆ ಕೋಟಿಗಟ್ಟಲೆ ಹಣ ಬೇಡ. ಸಂಗಮ, ತಂಗಡಗಿ, ಆಲಮಟ್ಟಿಗಳನ್ನು ಜೋಡಿಸಿ ಶನಿವಾರ, ಭಾನುವಾರ ಓಡುವ ಬಸ್ಸು ಬೇಕು. ಕಾರಂಜಿ ಮುಗಿದ ಮೇಲೆ ಮುದ್ದೇಬಿಹಾಳ, ಬಾಗೇವಾಡಿ ಕಡೆ ಹೊರಡುವ ಬಸ್ಸು ಬೇಕು. ಹೆಣ್ಣುಮಕ್ಕಳಿಗೆ ಬಾಗಿಲು ಭದ್ರವಿರುವ, ನೀರು ಬರುವ ಶೌಚಾಲಯಗಳು ಬೇಕು. ಅವು ಇಲ್ಲವೆಂದೇ ಬೆಳಗಿನಿಂದ ನೀರು ಕುಡಿಯದೆ ತಿರುಗುವ ಹೆಂಗಸರನ್ನು ಪ್ರವಾಸದ ಎಲ್ಲ ತಾಣಗಳಲ್ಲೂ ಕಂಡಿದ್ದೇನೆ. ರೂಮು ಕೇಳಲು ಬಂದ ಹಳ್ಳಿಯ ಜೋಡಿಯನ್ನು ಅನುಮಾನದಿಂದ ನೋಡದೆ, ಆಧಾರ್ ಕಾರ್ಡ್ ಪಡೆದು ಗೌರವದಿಂದ ಕೀಲಿ ಕೊಡುವ ಕಡಿಮೆ ದರದ ಯಾತ್ರಿನಿವಾಸಗಳು ಬೇಕು.

ಉಳಿದದ್ದು ಮನೆಯವರ ಕೈಯಲ್ಲಿದೆ. ತೊಗರಿ ರಾಶಿ ಮುಗಿದ ಮೇಲೆ ಎಲ್ಲರ ಮನೆಯಲ್ಲೂ ನಾಲ್ಕು ದಿನ ಕೆಲಸ ಸಡಿಲಾಗುತ್ತದೆ. ಆಗ ಅತ್ತೆ ಮಾವಂದಿರು ಮೊಮ್ಮಕ್ಕಳನ್ನು ತಾವಿಟ್ಟುಕೊಂಡು ಮಗ ಸೊಸೆಗೆ ‘ಎರಡ ದಿನ ಹೋಗಿ ಬರ್ರಿ, ಎಮ್ಮಿ ನಾವು ಹಿಂಡ್ತೀವಿ’ ಎನ್ನಲಿ. ಆಮೇಲೆ ಒಂದು ವಾರ ಬಿಟ್ಟು ಆ ಹಿರಿಯರಿಬ್ಬರೂ ಹೊರಡಲಿ; ಆ ವಯಸ್ಸಿನವರಲ್ಲೂ ಹೊಲ, ದೇವರು, ದವಾಖಾನೆ ಬಿಟ್ಟು ಇಬ್ಬರೇ ಎಲ್ಲಿಗೂ ಹೋಗದವರೇ ಹೆಚ್ಚು.