ಒಂದು ಎಲ್‌ಇಡಿ ಆರಿದರೆ ಇಡೀ ದೀಪ ಬದಲಿಸಬೇಕೆ?

ಕಳೆದ ಮಳೆಗಾಲದ ಒಂದು ಸಂಜೆ, ಸಿಗ್ನಲ್‌ನಲ್ಲಿ ನಿಂತಿದ್ದಾಗ ಹಿಂದಿನಿಂದ ಬಂದ ಸ್ಕೂಟರ್ ಸವಾರರೊಬ್ಬರು ನನ್ನ ಕಾರಿನ ಗಾಜು ತಟ್ಟಿದರು. ‘ಸಾರ್, ನಿಮ್ಮ ಲೆಫ್ಟ್ ಬ್ರೇಕ್ ಲೈಟ್ ಅರ್ಧ ಹತ್ತುತ್ತಾ ಇಲ್ಲ, ನೋಡಿಸ್ಕೊಳ್ಳಿ’ ಎಂದು ಹೇಳಿ ಮುಂದೆ ಹೋದರು. ಎಷ್ಟು ದಿನದಿಂದ ಹಾಗಿತ್ತೋ, ಸ್ಟೀರಿಂಗ್ ಹಿಡಿದು ಕೂತ ನನಗೆ ತಿಳಿದಿರಲಿಲ್ಲ. ಮರುದಿನ ಸರ್ವೀಸ್ ಸೆಂಟರಿನವರು ದೀಪವನ್ನು ನೋಡಿ, ಇಡೀ ಅಸೆಂಬ್ಲಿಯನ್ನೇ ಬದಲಿಸಬೇಕು ಎಂದರು. ನಮ್ಮ ಬಡಾವಣೆಯ ಆಟೊ ಎಲೆಕ್ಟ್ರಿಷಿಯನ್ ಅದೇ ದೀಪವನ್ನು ನೋಡಿ, ಬಿಚ್ಚಿ ಒಂದು ಬೆಸುಗೆ ಹಾಕಿದರೆ ಮುಗಿಯಿತು, ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುತ್ತಾರೆಯೆ ಎಂದು ಕೇಳಿದರು. ಒಂದು ಮಾತಿಗೆ ಹಲವು ಸಾವಿರ ರೂಪಾಯಿ, ಇನ್ನೊಂದಕ್ಕೆ ಕೆಲವು ನೂರು. ಇಬ್ಬರಲ್ಲಿ ಯಾರೂ ನನಗೆ ಸುಳ್ಳು ಹೇಳುತ್ತಿದ್ದಾರೆ ಎಂದು ಅನ್ನಿಸಲಿಲ್ಲ. ಈ ಭಿನ್ನಾಭಿಪ್ರಾಯಕ್ಕೆ ದೀಪದ ರಚನೆಯಲ್ಲೇ ಕಾರಣವಿದೆ.

ಬಲ್ಬುಗಳ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಒಂದೇ ಬಲ್ಬಿನೊಳಗೆ ಎರಡು ತಂತಿ: ರಾತ್ರಿ ಉರಿಯಲು 5 ವ್ಯಾಟ್, ಬ್ರೇಕ್ ಒತ್ತಿದಾಗ 21 ವ್ಯಾಟ್. ಡಿಕ್ಕಿ ತೆರೆದು, ಹೋಲ್ಡರ್ ತಿರುಗಿಸಿ, ಹಳೆಯದನ್ನು ಕಿತ್ತು ಹೊಸದನ್ನು ಹಾಕಿದರೆ ಆಯಿತು. ಎಲ್‌ಇಡಿ ದೀಪದಲ್ಲಿ ಬಿಡಿ ಬಲ್ಬೇ ಇಲ್ಲ. ಸಣ್ಣ ಸಣ್ಣ ಎಲ್‌ಇಡಿಗಳನ್ನು ಸರ್ಕ್ಯೂಟ್ ಬೋರ್ಡಿಗೆ ಬೆಸೆದಿರುತ್ತಾರೆ. ಕೆಂಪು ಎಲ್‌ಇಡಿಯೊಂದಕ್ಕೆ ಸುಮಾರು 2 ವೋಲ್ಟ್ ಸಾಕು; ಎಂಜಿನ್ ಓಡುತ್ತಿರುವಾಗ ಕಾರಿನಲ್ಲಿರುವುದು 14 ವೋಲ್ಟ್‌ನ ಆಸುಪಾಸು. ಹಾಗಾಗಿ ಕೆಲವನ್ನು ಒಂದರ ಹಿಂದೊಂದು ಸರದಂತೆ ಪೋಣಿಸಿ, ಕರೆಂಟನ್ನು ಹದದಲ್ಲಿಡಲು ರೆಸಿಸ್ಟರ್ ಅಥವಾ ಡ್ರೈವರ್ ಚಿಪ್ ಇಡುತ್ತಾರೆ. ಸರದ ಒಂದು ಮಣಿ ಕಡಿದರೆ ಆ ಸರವೆಲ್ಲ ಆರುತ್ತದೆ, ಪಕ್ಕದ ಸರ ಉರಿಯುತ್ತಲೇ ಇರುತ್ತದೆ. ‘ಅರ್ಧ ಹತ್ತುವ’ ದೀಪ ಹುಟ್ಟುವುದು ಹೀಗೆ.

ಇಡೀ ದೀಪವನ್ನು ಬದಲಿಸಬೇಕೆನ್ನುವವರ ಬಲವಾದ ಕಾರಣ ಸುರಕ್ಷತೆ, ಮತ್ತು ಅದನ್ನು ಹಗುರವಾಗಿ ಕಾಣಲಾಗದು. ಹೆಚ್ಚಿನ ಹಿಂಬದಿ ದೀಪಗಳಲ್ಲಿ ಮುಂದಿನ ಕೆಂಪು ಮುಚ್ಚಳವನ್ನೂ ಹಿಂದಿನ ಪ್ಲಾಸ್ಟಿಕ್ ಗೂಡನ್ನೂ ಕಾರ್ಖಾನೆಯಲ್ಲಿಯೇ ಕರಗಿಸಿ ಒಂದುಮಾಡಿರುತ್ತಾರೆ. ಬಿಚ್ಚಲೆಂದು ಮಾಡಿದ ವಸ್ತುವೇ ಅದಲ್ಲ. ಒಳಗೆ ಹೋಗಬೇಕಾದರೆ ಕೊಯ್ಯಬೇಕು. ಕೊಯ್ದದ್ದನ್ನು ಸಿಲಿಕೋನ್ ಹಾಕಿ ಮುಚ್ಚಬೇಕು. ಆ ಅಂಟು ಎಷ್ಟು ಚೆನ್ನಾಗಿ ಕೂತಿದೆ ಎಂಬುದು ತಿಳಿಯುವುದು ಮುಂದಿನ ಮಳೆಗಾಲಕ್ಕೆ. ಒಳಗೆ ನೀರಿಳಿದರೆ ಮೊದಲು ಆರಿದ್ದು ಒಂದು ಸರವಾದರೆ ಆಮೇಲೆ ಆರುವುದು ಇಡೀ ಬೋರ್ಡು. ಶಿರಾಡಿಯಲ್ಲೋ ಚಾರ್ಮಾಡಿಯಲ್ಲೋ ಮಂಜು ಕವಿದ ತಿರುವಿನಲ್ಲಿ ಮುಂದಿನ ವಾಹನದ ಎರಡು ಕೆಂಪು ಚುಕ್ಕೆಗಳನ್ನೇ ನಂಬಿ ಇಳಿದವರಿಗೆ ಈ ಆತಂಕದ ತೂಕ ಗೊತ್ತಿರುತ್ತದೆ.

ಬೆಳಕಿನ ಪ್ರಮಾಣದ ಮಾತೂ ಇದೆ. ಎಷ್ಟೋ ಕಾರುಗಳಲ್ಲಿ ರಾತ್ರಿಯ ದೀಪಕ್ಕೂ ಬ್ರೇಕ್ ದೀಪಕ್ಕೂ ಅವೇ ಎಲ್‌ಇಡಿಗಳು. ಒಂದಕ್ಕೆ ಮಂದ, ಇನ್ನೊಂದಕ್ಕೆ ಪ್ರಖರ. ರಿಪೇರಿಯಲ್ಲಿ ಬೇರೆ ಮೌಲ್ಯದ ರೆಸಿಸ್ಟರನ್ನೋ ಬೇರೆ ಜಾತಿಯ ಎಲ್‌ಇಡಿಯನ್ನೋ ಕೂರಿಸಿದರೆ ಆ ಎರಡರ ಅಂತರ ಕುಗ್ಗಬಹುದು. ದೀಪ ಉರಿಯುತ್ತಿರುತ್ತದೆ, ಮಾಲೀಕರಿಗೆ ತೃಪ್ತಿಯಾಗುತ್ತದೆ, ಆದರೆ ಬ್ರೇಕ್ ಹಾಕಿದ್ದು ಹಿಂದಿನವರ ಕಣ್ಣಿಗೆ ಎದ್ದು ಕಾಣುವುದಿಲ್ಲ. ಹಳೆಯ ಬಲ್ಬು ಪೂರ್ಣ ಬೆಳಕಿಗೆ ಬರಲು ಸುಮಾರು 200 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತಿತ್ತು. ಎಲ್‌ಇಡಿ ಆ ವಿಳಂಬವನ್ನು ಹೆಚ್ಚುಕಡಿಮೆ ಇಲ್ಲವಾಗಿಸಿತು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಹಿಂದೆ ಬರುವವರಿಗೆ ಅದು ಐದು ಮೀಟರಿಗೂ ಹೆಚ್ಚಿನ ಅವಕಾಶ. ಅಂಥ ಲಾಭವನ್ನು ಅಳತೆಯಿಲ್ಲದ ರಿಪೇರಿಯಿಂದ ಕಳೆದುಕೊಳ್ಳಬಾರದು ಎಂಬುದು ಈ ಪಕ್ಷದ ವಾದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ವಾಹನದ ದೀಪಗಳ ಬಗ್ಗೆ ಸ್ಪಷ್ಟ ಕಟ್ಟುಪಾಡು ಹಾಕಿವೆ. ಕಂಪನಿಯ ದೀಪ ಮಾರುಕಟ್ಟೆಗೆ ಬರುವ ಮೊದಲು ಬೆಳಕಿನ ಪರೀಕ್ಷೆ ದಾಟಿರುತ್ತದೆ. ಬೀದಿಬದಿಯ ಬೆಸುಗೆಗೆ ಅಂಥ ಪರೀಕ್ಷೆಯ ಬೆಂಬಲವಿಲ್ಲ.

ಇಷ್ಟಾದರೂ ರಿಪೇರಿಯ ಪರ ವಾದಿಸುವವರನ್ನು ಬರೀ ಖರ್ಚು ಉಳಿಸುವವರೆಂದು ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಅವರ ಮೊದಲ ಮಾತೇ ಗಂಭೀರವಾದದ್ದು: ದೀಪ ಕೆಟ್ಟಿದೆ ಎಂದು ಬರುವ ಕಾರುಗಳಲ್ಲಿ ದೀಪವೇ ಕೆಟ್ಟಿರಬೇಕೆಂದಿಲ್ಲ. ಕಪ್ಲರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿರಬಹುದು, ಅರ್ತ್ ಸಡಿಲವಾಗಿರಬಹುದು, ಡಿಕ್ಕಿಯ ಬಾಗಿಲು ತೆರೆದು ಮುಚ್ಚಿ ಕೀಲಿನ ಬಳಿ ವೈರು ಒಳಗೊಳಗೇ ತುಂಡಾಗಿರಬಹುದು. ಟೆಸ್ಟ್ ಲ್ಯಾಂಪ್ ಹಿಡಿದು ಹತ್ತು ನಿಮಿಷ ನೋಡಿದರೆ ತಿಳಿಯುವ ಸಂಗತಿ. ಬೋರ್ಡಿನಲ್ಲೇ ದೋಷವಿದ್ದಾಗಲೂ ಹಲವು ಸಲ ಅದು ಬಿಸಿ–ತಂಪಿನ ಹೊಡೆತಕ್ಕೆ ಬಿರುಕು ಬಿಟ್ಟ ಬೆಸುಗೆ. ಆ ಒಂದು ಚುಕ್ಕೆಗಾಗಿ ಚೆನ್ನಾಗಿರುವ ಲೆನ್ಸ್, ರಿಫ್ಲೆಕ್ಟರ್, ಗೂಡು, ಉಳಿದ ಎಲ್ಲ ಎಲ್‌ಇಡಿಗಳನ್ನೂ ಎಸೆಯುವುದು ವಿವೇಕವೆ ಎಂಬ ಅವರ ಪ್ರಶ್ನೆಗೆ ಸುಲಭದ ಉತ್ತರವಿಲ್ಲ. ಮೊಬೈಲ್ ಬೋರ್ಡಿನ ಸಾಸಿವೆ ಗಾತ್ರದ ಬಿಡಿಭಾಗಗಳನ್ನು ದಿನನಿತ್ಯ ಕಿತ್ತು ಕೂರಿಸುವ ಕೈಗಳು ನಮ್ಮ ಪ್ರತಿಯೊಂದು ತಾಲ್ಲೂಕು ಪಟ್ಟಣದಲ್ಲೂ ಇವೆ. ಟೈಲ್ ಲ್ಯಾಂಪಿನ ಬೋರ್ಡು ಅವಕ್ಕೆ ಕಠಿಣವಲ್ಲ.

ಹಣದ ವಿಚಾರವನ್ನೂ ನೇರವಾಗಿ ಎದುರಿಸಬೇಕು. ವಾರಂಟಿ ಮುಗಿದ ಕಾರಿಗೆ ವಿಮೆ ಇಲ್ಲಿ ನೆರವಾಗುವುದು ಕಷ್ಟ. ಸಾಮಾನ್ಯ ವಾಹನ ವಿಮೆಯಲ್ಲಿ ವಿದ್ಯುತ್ ಅಥವಾ ಯಾಂತ್ರಿಕ ದೋಷದಿಂದ ತಾನಾಗಿ ಕೆಟ್ಟ ಭಾಗಕ್ಕೆ ಪರಿಹಾರವಿಲ್ಲ. ಅಪಘಾತದಲ್ಲಿ ಒಡೆದಿದ್ದರೂ ಪ್ಲಾಸ್ಟಿಕ್ ಭಾಗಗಳಿಗೆ ಶೇ 50ರಷ್ಟು ಸವಕಳಿ ಕಳೆಯುತ್ತಾರೆ. ಸವಕಳಿ ಕಳೆಯದ ‘ಜೀರೊ ಡೆಪ್ರಿಸಿಯೇಷನ್’ ವಿಮೆ ಕೊಂಡವರಿಗಷ್ಟೇ ವಿನಾಯಿತಿ. ದಿನದ ಬಾಡಿಗೆಯಲ್ಲಿ ಸಾಲದ ಕಂತು ಕಟ್ಟುವ ಟ್ಯಾಕ್ಸಿ ಚಾಲಕರಿಗೆ ಅಸೆಂಬ್ಲಿಯ ಬೆಲೆ ಸಣ್ಣದಲ್ಲ. ಬಿಡಿಭಾಗ ತರಿಸಬೇಕು, ವಾರ ಹಿಡಿಯುತ್ತದೆ ಎಂಬ ಉತ್ತರ ಬಂದರೆ ಅಷ್ಟು ದಿನವೂ ಆ ಕಾರು ಒಂದು ಕಣ್ಣು ಆರಿಸಿಕೊಂಡೇ ಓಡುತ್ತದೆ. ಇಂದೇ ಆಗುವ ರಿಪೇರಿ, ಮುಂದಿನ ವಾರ ಬರುವ ಹೊಸ ದೀಪಕ್ಕಿಂತ ಇಂದಿನ ರಾತ್ರಿಯ ಮಟ್ಟಿಗೆ ಸುರಕ್ಷಿತ. ಸುರಕ್ಷತೆಯ ವಾದ ಎರಡೂ ಕಡೆಗೆ ವಾಲಬಲ್ಲದು ಎಂಬುದನ್ನು ನಾನು ಈ ಮಾತಿನಿಂದ ಕಲಿತೆ.

ಇದಕ್ಕೆ ಎದುರಾಗಿ ಸರ್ವೀಸ್ ಸೆಂಟರಿನವರು ಹೇಳುವುದರಲ್ಲೂ ಹುರುಳಿದೆ. ಅವರು ಮಾಡಿದ ಕೆಲಸಕ್ಕೆ ಅವರು ಹೊಣೆ. ಬೋರ್ಡಿಗೆ ಬೆಸುಗೆ ಹಾಕಿಕೊಟ್ಟ ದೀಪ ತಿಂಗಳಲ್ಲಿ ಆರಿ, ಆ ರಾತ್ರಿ ಹಿಂದಿನಿಂದ ಲಾರಿಯೊಂದು ಗುದ್ದಿದರೆ ಯಾರನ್ನು ಕೇಳುವುದು? ಗ್ಯಾರಂಟಿ ಕೊಡಲಾಗದ ಕೆಲಸವನ್ನು ಒಪ್ಪಿಕೊಳ್ಳದಿರುವುದನ್ನು ಲಾಭಕೋರತನ ಎಂದು ಕರೆಯುವುದು ಅವಸರದ ತೀರ್ಪು. ವಾರಂಟಿ ಇನ್ನೂ ಇರುವ ಕಾರಿನ ದೀಪವನ್ನು ಹೊರಗೆ ಕೊಯ್ಯಿಸಿದರೆ ಉಚಿತವಾಗಿ ಸಿಗಬಹುದಾಗಿದ್ದ ಹೊಸ ದೀಪವನ್ನೂ ಕಳೆದುಕೊಳ್ಳುತ್ತೇವೆ.

ಕಡಿಮೆ ಬೆಲೆಯ ನಕಲಿ ಅಸೆಂಬ್ಲಿಗಳನ್ನು ಮೂರನೆಯ ದಾರಿಯೆಂದು ಕೆಲವರು ಸೂಚಿಸುತ್ತಾರೆ. ಅದಕ್ಕೆ ಹೆಚ್ಚು ಜಾಗ ಕೊಡಲು ನನಗೆ ಮನಸ್ಸಿಲ್ಲ. ಪರೀಕ್ಷೆಯ ಭರವಸೆಯೂ ಇಲ್ಲದ, ಮೂಲ ಗೂಡಿನ ಗಟ್ಟಿತನವೂ ಇಲ್ಲದ ವಸ್ತು ಎರಡೂ ಪಕ್ಷಗಳ ಒಳ್ಳೆಯದನ್ನು ಬಿಟ್ಟುಕೊಡುತ್ತದೆ. ಅಪಘಾತವಾದ ಕಾರಿನಿಂದ ಬಿಚ್ಚಿದ ಅಸಲಿ ದೀಪ ಗುಜರಿಯಲ್ಲಿ ಸಿಕ್ಕರೆ, ಬಿರುಕಿಲ್ಲದಿದ್ದರೆ, ಅದು ಹೆಚ್ಚು ಗೌರವಕ್ಕೆ ಅರ್ಹ.

ಈ ಜಗಳದ ಬೇರು ಗಿರಾಕಿಯಲ್ಲೂ ಇಲ್ಲ, ಮೆಕ್ಯಾನಿಕ್‌ನಲ್ಲೂ ಇಲ್ಲ; ಬೋರ್ಡನ್ನು ಬಿಡಿಯಾಗಿ ಮಾರದಿರುವ ಪದ್ಧತಿಯಲ್ಲಿದೆ. ಬಿಡಿಭಾಗಗಳು ಸ್ವತಂತ್ರ ಗ್ಯಾರೇಜುಗಳಿಗೆ ಮುಕ್ತವಾಗಿ ಸಿಗದ ಪ್ರಶ್ನೆಯನ್ನು ಭಾರತೀಯ ಸ್ಪರ್ಧಾ ಆಯೋಗ 2014ರಷ್ಟು ಹಿಂದೆಯೇ ಎತ್ತಿಕೊಂಡು 14 ಕಾರು ತಯಾರಕರಿಗೆ ದಂಡ ವಿಧಿಸಿತ್ತು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ರಿಪೇರಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿದಾಗ, ಆಯ್ದುಕೊಂಡ ಕ್ಷೇತ್ರಗಳಲ್ಲಿ ವಾಹನಗಳೂ ಇದ್ದವು. ತಯಾರಕರಿಗೂ ಒಂದು ಸಮರ್ಥನೆಯಿದೆ: ಕರಗಿಸಿ ಮುಚ್ಚಿದ ಗೂಡು ನೀರನ್ನು ಚೆನ್ನಾಗಿ ತಡೆಯುತ್ತದೆ, ವರ್ಷಗಟ್ಟಲೆ ಬಾಳುತ್ತದೆ. ಹಿಂಬದಿಯಿಂದ ನಾಲ್ಕು ಸ್ಕ್ರೂ ಬಿಚ್ಚಿ ಬೋರ್ಡು ತೆಗೆಯುವಂತೆ ಮಾಡಿದರೆ ರಬ್ಬರ್ ಸೀಲಿನ ಮೇಲೆ ಭರವಸೆ ಇಡಬೇಕಾಗುತ್ತದೆ. ಆ ಭರವಸೆ ಅಸಾಧ್ಯವಲ್ಲ ಎಂದು ನನ್ನ ಎಣಿಕೆ.

ಎರಡೂ ಕಡೆಯನ್ನು ತೂಗಿದ ಮೇಲೆ, ಹಿಂಜರಿಕೆಯಿಂದಲೇ, ನಾನು ಹೀಗೆ ವಾಲುತ್ತೇನೆ. ಕಪ್ಲರ್, ಅರ್ತ್, ವೈರು ನೋಡದೆ ಯಾರೂ ಅಸೆಂಬ್ಲಿಯ ಬಿಲ್ ಬರೆಯಬಾರದು; ಗಿರಾಕಿ ಆ ಪರೀಕ್ಷೆಯನ್ನು ಕೇಳಿ ಮಾಡಿಸಬೇಕು. ವಾರಂಟಿ ಇದ್ದರೆ ದೀಪ ಮುಟ್ಟಬಾರದು. ಬೋರ್ಡನ್ನು ಕೊಯ್ಯದೆ ಹೊರತೆಗೆಯಬಹುದಾದ ದೀಪವಾದರೆ, ಅದೇ ಮೌಲ್ಯದ ಭಾಗಗಳನ್ನು ಹಾಕಿ ಎಡಬಲ ಎರಡನ್ನೂ ಕತ್ತಲಲ್ಲಿ ಹೋಲಿಸಿ ನೋಡುವ ಮೆಕ್ಯಾನಿಕ್ ಇದ್ದರೆ, ರಿಪೇರಿ ಸಮ್ಮತ. ಗೂಡನ್ನು ಕೊಯ್ಯಲೇಬೇಕು, ಆರಿರುವುದು ಬ್ರೇಕ್ ದೀಪ ಅಥವಾ ಒಳಗೆ ಆಗಲೇ ನೀರು ನಿಂತಿದೆ ಎಂದಾದರೆ, ಕೈಲಾದ ಮಟ್ಟಿಗೆ ಅಸಲಿ ದೀಪವನ್ನೇ ಹಾಕಿಸುವುದು ಲೇಸು. ಅದು ಬರುವತನಕ ತಾತ್ಕಾಲಿಕ ಬೆಸುಗೆಯನ್ನು ತಪ್ಪೆನ್ನಲಾರೆ.

ನನ್ನ ಕಾರಿನದು ಬ್ರೇಕ್ ದೀಪವಾಗಿತ್ತು, ಕೊಯ್ಯದೆ ತೆರೆಯುವಂತಿರಲಿಲ್ಲ. ಹೊಸದನ್ನೇ ಹಾಕಿಸಿ ಹಳೆಯದನ್ನು ಎಲೆಕ್ಟ್ರಿಷಿಯನ್‌ಗೆ ಕೊಟ್ಟೆ. ಅವರು ಕೊಯ್ದು ತೋರಿಸಿದರು: ಕೂದಲೆಳೆಯಷ್ಟು ಬಿರುಕು ಬಿಟ್ಟ ಒಂದೇ ಒಂದು ಬೆಸುಗೆ. ಅವರೂ ಸರಿಯಾಗಿಯೇ ಹೇಳಿದ್ದರು.

ಇವತ್ತು ರಾತ್ರಿ ಗಾಡಿ ನಿಲ್ಲಿಸುವಾಗ ಹಿಂಬದಿಯನ್ನು ಗೋಡೆಯ ಕಡೆಗೆ ಮಾಡಿ ಬ್ರೇಕ್ ಒತ್ತಿ, ಕನ್ನಡಿಯಲ್ಲಿ ನೋಡಿ. ಗೋಡೆಯ ಮೇಲೆ ಬೀಳುವ ಎರಡು ಕೆಂಪು ಬೆಳಕು ಒಂದೇ ಸಮ ಇವೆಯೆ ಎಂಬುದು ಕೂತಲ್ಲಿಂದಲೇ ತಿಳಿಯುತ್ತದೆ.