ಕೈಕಸಬು ಮತ್ತು ಊರಿನ ಬಾಳು

ದಾಂಡೇಲಿಯ ಹೆಸರೆತ್ತಿದೊಡನೆ ಇಂದು ಜನರ ಕಣ್ಣ ಮುಂದೆ ನಿಲ್ಲುವವು ಎರಡೇ: 1955ರಲ್ಲಿ ಸ್ಥಾಪಿತವಾದ ಕಾಗದದ ಗಿರಣಿ ಮತ್ತು ಕಾಳೀನದಿಯ ಜಲವಿಹಾರ. ಇವುಗಳಿಂದ ಅನೇಕ ಕುಟುಂಬಗಳಿಗೆ ಅನ್ನ ದೊರೆತಿರುವದನ್ನು ನಾವು ಅಲ್ಲಗಳೆಯುವದಿಲ್ಲ. ಆದರೆ ಒಂದು ಚಿಮಣಿಯನ್ನೂ ಪ್ರವಾಸಿಗಳ ಋತುಮಾನವನ್ನೂ ನೆಚ್ಚಿಕೊಂಡೇ ಯಾವ ಊರೂ ಬಹುಕಾಲ ಬಾಳಲಾರದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡಗಳ ಜನರ ಕೈಯಲ್ಲಿರುವ ಕಲೆಗೆ ಅಲ್ಲಿಯ ಪೇಟೆಯಲ್ಲಿ ಯಾವ ಸ್ಥಾನವಿದೆ ಎಂಬುದೇ ನಮ್ಮ ಪ್ರಶ್ನೆ.

ಹಿಂದಿನ ಪಾಠವನ್ನು ಮರೆಯಲಾಗದು. ಬಿದಿರು ಅಕ್ಷಯವೆಂದು ಬಗೆದು ಸರಕಾರವು ಅದನ್ನು ಗಿರಣಿಗೆ ನಾಮಮಾತ್ರದ ಬೆಲೆಗೆ ಒಪ್ಪಿಸಿತು, ಮೆಳೆಗಳು ಬರಿದಾಗತೊಡಗಿದವು. ಬುಟ್ಟಿ ಹೆಣೆಯುವ ಮೇದಾರರು ಮೊರೆಯಿಟ್ಟ ಮೇಲೆ 1970ರ ದಶಕದಲ್ಲಿ ಮಾಧವ ಗಾಡಗೀಳರು ಇದರ ಅಧ್ಯಯನ ಕೈಕೊಂಡರು. ಮೆಳೆಯ ಬುಡದ ಮುಳ್ಳನ್ನು ಸವರಿದರೆ ಬಿದಿರು ಹುಲುಸಾಗುವದೆಂದು ಅರಣ್ಯ ಇಲಾಖೆ ನಂಬಿತ್ತು. ಆ ಮುಳ್ಳೇ ಎಳೆಯ ಮೊಳಕೆಗೆ ದನಗಳಿಂದ ಕಾವಲೆಂದು ಹಳ್ಳಿಗರು ಹೇಳಿದರು. ಹಳ್ಳಿಗರ ಮಾತೇ ನಿಜವಾಯಿತು. ಕಾಡನ್ನು ಬಲ್ಲವನು ಅದನ್ನು ಮಿತವಾಗಿ ಬಳಸುವ ಕಸಬುದಾರನೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಹಳಿಯಾಳದ ಸುತ್ತಲಿನ ಸಿದ್ದಿ ಸ್ತ್ರೀಯರ ಕೌದಿಯನ್ನು ನೋಡಿರಿ. ಹರಿದ ಸೀರೆ, ಹಳೆಯ ಅಂಗಿಗಳ ತುಂಡುಗಳನ್ನು ಅಂಚಿನಿಂದ ಹಿಡಿದು ಸುತ್ತುತ್ತ ನಡುವಿನವರೆಗೆ ಕೈಯಿಂದಲೇ ಹೊಲಿಯುವರು. ಹೊಗೆಯಿಲ್ಲ, ಮರ ಕಡಿಯುವದಿಲ್ಲ, ಕಸವೇ ಐಶ್ವರ್ಯವಾಗುವದು. ಅಮೆರಿಕೆಯ ಪ್ರದರ್ಶನಗಳಲ್ಲಿ ಮನ್ನಣೆ ಪಡೆದಿರುವ ಈ ಕೌದಿಯು ತವರಿನ ಪೇಟೆಯಲ್ಲಿ ಪರಕೀಯವಾಗಬಾರದು. 1966ರಲ್ಲಿ ಮುಂಡಗೋಡದಲ್ಲಿ ನೆಲೆನಿಂತ ಟಿಬೇಟಿಯನ್ನರಿಗೂ ರತ್ನಗಂಬಳಿಯ ನೆಯ್ಗೆಯ ಪರಂಪರೆಯಿದೆ. ಸೂಪಾ ಪಟ್ಟಣವನ್ನೇ ಅಣೆಕಟ್ಟಿನ ನೀರಿಗೆ ಒಪ್ಪಿಸಿದ ಜೋಯಿಡಾದ ಜನರ ಋಣವಂತೂ ನಾಡಿನ ಮೇಲೆ ಉಳಿದೇ ಇದೆ.

ಬುಟ್ಟಿ ಕೌದಿಗಳಿಂದ ಪಟ್ಟಣ ಬೆಳೆದೀತೇ ಎಂದು ಕೆಲವರು ನಗಬಹುದು. ಅವರು ಹುಬ್ಬಳ್ಳಿಯ ಬೆಂಗೇರಿಗೆ ಹೋಗಿ ಬರಲಿ. 1957ರಲ್ಲಿ ಹುಟ್ಟಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವು ಚರಕ ಮಗ್ಗಗಳ ಬಲದಿಂದಲೇ ದೇಶಕ್ಕೆ ರಾಷ್ಟ್ರಧ್ವಜವನ್ನು ಒದಗಿಸುವ ಗೌರವ ಗಳಿಸಿದೆ. ಗಿರಣಿಯನ್ನು ಮುಚ್ಚಿರೆಂದು ನಾವು ಹೇಳುವದಿಲ್ಲ. ಊರು ಒಂದೇ ಕಾಲಿನ ಮೇಲೆ ನಿಲ್ಲದಿರಲೆಂದು ಹೇಳುತ್ತೇವೆ.

ಇದಕ್ಕೆ ಮಾಡಬೇಕಾದುದು ಮೂರು. 2006ರ ಅರಣ್ಯಹಕ್ಕು ಕಾಯಿದೆಯು ಬಿದಿರನ್ನು ಕಿರು ಅರಣ್ಯೋತ್ಪನ್ನವೆಂದು ಎಣಿಸಿದೆ. 2017ರ ತಿದ್ದುಪಡಿಯು ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಮರವೆಂಬ ಕಟ್ಟಿನಿಂದ ಬಿಡಿಸಿದೆ. ಹೀಗೆ ತೆರೆದ ಹಾದಿಯಲ್ಲಿ ಮೇದಾರರಿಗೆ ನ್ಯಾಯವಾದ ಬೆಲೆಗೆ ಬಿದಿರು ಸಿಗುವ ಉಗ್ರಾಣವಾಗಲಿ. ದಾಂಡೇಲಿಯ ನಗರಸಭೆಯು ಪೇಟೆಯ ನಡುವೆ, ಊರ ಹೊರಗಲ್ಲ, ಕಸಬುದಾರರಿಗೆ ನೆಲೆಯಾದ ಮಳಿಗೆಗಳನ್ನು ಕೊಡಲಿ. ಪ್ರವಾಸಿಗಳ ತಂಗುದಾಣಗಳ ಒಡೆಯರು ತಮ್ಮ ಹಾಸಿಗೆ ಹೊದಿಕೆ, ಬುಟ್ಟಿ ಚಾಪೆಗಳನ್ನು ದಲ್ಲಾಳಿಯ ಕೈಯಿಂದಲ್ಲ, ಮಾಡಿದವರ ಕೈಯಿಂದಲೇ ಕೊಳ್ಳಲಿ.

ಸಿದ್ದಿಗಳನ್ನು ಹಬ್ಬದ ದಿನ ಕುಣಿಸಿ, ಮರುದಿನ ಕೂಲಿಗೆ ಅಟ್ಟುವದು ಕಲಾಪೋಷಣೆಯಲ್ಲ. ಕಲೆಗೆ ಚಪ್ಪಾಳೆಗಿಂತ ಮೊದಲು ಅಂಗಡಿ ಬೇಕು, ತಕ್ಕ ಕೂಲಿ ಬೇಕು. ಕಾಡನ್ನು ಉಳಿಸಿ, ಕೈಗೆ ಕೆಲಸವಿತ್ತು ಬೆಳೆಯುವ ಊರೇ ಮುಂದಿನ ಪೀಳಿಗೆಗೂ ಊರಾಗಿ ಉಳಿದೀತು.