ಅನ್ಯರ ಅಂಗಳದ ವಾಯುಪಡೆ

1986ರ ಏಪ್ರಿಲ್ 14ರ ಸಂಜೆ ಇಂಗ್ಲೆಂಡಿನ ಲೇಕನ್‌ಹೀತ್ ನೆಲೆಯಿಂದ ಅಮೆರಿಕದ ಎಫ್-111 ಬಾಂಬರ್‌ಗಳು ಲಿಬಿಯಾದತ್ತ ಹೊರಟವು. ನೇರ ದಾರಿ ಫ್ರಾನ್ಸ್ ಮೇಲಿನದು. ಫ್ರಾನ್ಸ್ ಒಪ್ಪಲಿಲ್ಲ, ಸ್ಪೇನ್ ಕೂಡ ಒಲ್ಲೆ ಎಂದಿತು. ಪೋರ್ಚುಗಲ್ ಕರಾವಳಿಯನ್ನು ಸುತ್ತಿ, ಜಿಬ್ರಾಲ್ಟರ್ ಜಲಸಂಧಿ ದಾಟಿ, ಹಾರುತ್ತಲೇ ಮತ್ತೆ ಮತ್ತೆ ಇಂಧನ ತುಂಬಿಸಿಕೊಂಡು ಟ್ರಿಪೋಲಿ ಮುಟ್ಟಬೇಕಾಯಿತು. ಹೋಗಿ ಬರಲು ಸುಮಾರು 13 ಗಂಟೆ. ಒಂದು ವಿಮಾನವೂ ಅದರಲ್ಲಿದ್ದ ಇಬ್ಬರೂ ಮರಳಲಿಲ್ಲ.

ದಾಳಿಗೆ ಹೋದ 48ನೇ ವಿಂಗ್‌ನ ಹೆಸರು ‘ಸ್ಟ್ಯಾಚ್ಯೂ ಆಫ್ ಲಿಬರ್ಟಿ ವಿಂಗ್’. ಫ್ರಾನ್ಸ್ ಉಡುಗೊರೆ ಕೊಟ್ಟ ಪ್ರತಿಮೆಯ ಆ ಹೆಸರು ಅದಕ್ಕೆ ಬಂದದ್ದು ಫ್ರಾನ್ಸ್‌ನಲ್ಲೇ, ಶೋಮೋಂ ನೆಲೆಯಲ್ಲಿದ್ದಾಗ. ತನ್ನ ನೆಲದಲ್ಲಿರುವ ಅಣ್ವಸ್ತ್ರಗಳ ಮೇಲೆ ತನಗೂ ಹಿಡಿತ ಬೇಕೆಂದು ಅಧ್ಯಕ್ಷ ದ ಗಾಲ್ ಪಟ್ಟು ಹಿಡಿದಾಗ, 1960ರಲ್ಲಿ ಅದು ಗಂಟುಮೂಟೆ ಕಟ್ಟಿ ಲೇಕನ್‌ಹೀತ್ ಸೇರಿತ್ತು. ಟ್ರಿಪೋಲಿಯೂ ಹೊಸ ಊರೇನಲ್ಲ. ಅದರ ಅಂಚಿನ ವೀಲಸ್ ನೆಲೆಯಲ್ಲೇ ಯುರೋಪಿನ ಅಮೆರಿಕನ್ ಪೈಲಟ್‌ಗಳು ವರ್ಷಗಟ್ಟಲೆ ಗುರಿ ಹೊಡೆಯಲು ಕಲಿತಿದ್ದರು. 1969ರಲ್ಲಿ ಗಡಾಫಿ ಅಧಿಕಾರ ಹಿಡಿದ ಮೇಲೆ, 1970ರಲ್ಲಿ ಅಲ್ಲಿಂದಲೂ ಜಾಗ ಖಾಲಿ ಮಾಡಬೇಕಾಯಿತು.

‘ಯುಸಾಫಿ’ ಎಂಬ ಚುಟುಕು ಹೆಸರಿನ ಯುರೋಪಿನ ಅಮೆರಿಕನ್ ವಾಯುಪಡೆ ಕಮಾಂಡ್‌ನ ಚರಿತ್ರೆಯನ್ನು ಬಾಡಿಗೆ ಮನೆಯ ಕತೆಯಾಗಿಯೇ ಓದಬೇಕು. ವಿಮಾನಗಳ ವೇಗ, ಬಾಂಬ್‌ಗಳ ತೂಕದ ಲೆಕ್ಕ ಎಷ್ಟೇ ದೊಡ್ಡದಿರಲಿ, ಕಾಲೂರಿದ ನೆಲ ಬೇರೆಯವರದು.

ಯುಸಾಫಿ ಎಂಬ ಹೆಸರು ಬಂದದ್ದು 1945ರ ಆಗಸ್ಟ್ 7ರಂದು. ಸೋತ ಜರ್ಮನಿಯಲ್ಲಿ ಅನುಮತಿ ಕೇಳುವ ಪ್ರಮೇಯವೇ ಇರಲಿಲ್ಲ. ಆದರೆ ಯುದ್ಧ ಮುಗಿದ ಉತ್ಸಾಹದಲ್ಲಿ ಪಡೆ ಎಷ್ಟು ಕರಗಿತ್ತೆಂದರೆ, 1948ರ ಜೂನ್‌ನಲ್ಲಿ ಸೋವಿಯತ್ತರು ಪಶ್ಚಿಮ ಬರ್ಲಿನ್‌ನ ರಸ್ತೆ, ರೈಲು, ಕಾಲುವೆಗಳನ್ನು ಮುಚ್ಚಿದಾಗ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನರಿಗೆ ಆಕಾಶದಿಂದಲೇ ಅನ್ನ, ಕಲ್ಲಿದ್ದಲು ಒದಗಿಸುವುದು ಹುಚ್ಚುತನವೆಂದೇ ಹಲವರು ಭಾವಿಸಿದ್ದರು. ಕಮಾಂಡ್‌ನ ಮುಖ್ಯಸ್ಥ ಕರ್ಟಿಸ್ ಲೆಮೇ ಕೆಲಸ ಶುರು ಮಾಡಿದ. ಅದನ್ನು ಗಡಿಯಾರದಂತೆ ನಡೆಸಿದವನು ವಿಲಿಯಂ ಟನ್ನರ್. ಮೂರು ನಿಮಿಷಕ್ಕೊಂದು ವಿಮಾನ. ಇಳಿಯುವುದು ಒಮ್ಮೆ ತಪ್ಪಿದರೆ ಮರುಪ್ರಯತ್ನವಿಲ್ಲ, ಸರಕಿನೊಂದಿಗೇ ವಾಪಸ್. ಈ ಶಿಸ್ತನ್ನು ಟನ್ನರ್ ರೂಢಿಸಿದ್ದು ನಮ್ಮ ಅಸ್ಸಾಂನಿಂದ ಹಿಮಾಲಯ ದಾಟಿ ಚೀನಾಕ್ಕೆ ಸರಕು ಸಾಗಿಸಿದ ‘ಹಂಪ್’ ಹಾರಾಟದಲ್ಲಿ. ಬರ್ಲಿನ್‌ಗೆ ಬ್ರಿಟಿಷರ ಜತೆಗೂಡಿ 2.77 ಲಕ್ಷಕ್ಕೂ ಹೆಚ್ಚು ಹಾರಾಟ, ಸುಮಾರು 23 ಲಕ್ಷ ಟನ್ ಸರಕು. ಅದರ ಬಹುಪಾಲು ಕಲ್ಲಿದ್ದಲು.

ಮೂರು ವರ್ಷದ ಹಿಂದೆ ಬಾಂಬ್ ಸುರಿಸಿದವರು ಬರ್ಲಿನ್‌ಗೆ ಬೇಕಾದವರಾದರು. ಈ ಕಮಾಂಡ್‌ಗೆ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲವೆಂದೇ ನನಗನ್ನಿಸುತ್ತದೆ. ಮನೆ ಮಾಲೀಕನಿಗೆ ಭಯವಿದ್ದಷ್ಟು ದಿನ ಬಾಡಿಗೆದಾರ ಬೇಕು, ಆಮೇಲೆ ಕರಾರಿನ ಷರತ್ತುಗಳು ನೆನಪಾಗುತ್ತವೆ. 1966ರಲ್ಲಿ ದ ಗಾಲ್ ನೆಲೆಗಳನ್ನೆಲ್ಲ ತೆರವು ಮಾಡಿ ಎಂದರು; ಮರುವರ್ಷದ ಹೊತ್ತಿಗೆ ಫ್ರಾನ್ಸ್ ಖಾಲಿ. 2003ರ ಮಾರ್ಚ್ 1ರಂದು ಟರ್ಕಿಯ ಸಂಸತ್ತು ಇರಾಕ್ ಯುದ್ಧಕ್ಕೆ ತನ್ನ ನೆಲ ಬಿಟ್ಟುಕೊಡಲಿಲ್ಲ. ಪರ 264, ವಿರುದ್ಧ 250. ತಟಸ್ಥರಾಗಿ ಉಳಿದ 19 ಮಂದಿಯಿಂದಾಗಿ ಬೇಕಾದ ಬಹುಮತ ಸಿಗಲಿಲ್ಲ.

ಯುರೋಪ್ ನಮ್ಮ ಖರ್ಚಿನಲ್ಲಿ ನೆಮ್ಮದಿಯಾಗಿ ಮಲಗಿದೆ ಎಂದು ವಾಷಿಂಗ್ಟನ್‌ನಲ್ಲಿ ಆಗಾಗ ಗೊಣಗಾಟ ಏಳುತ್ತದೆ. ಆ ಲೆಕ್ಕದಲ್ಲಿ ಜಮೆಯ ಕಲಮು ಬಿಟ್ಟುಹೋಗಿದೆ. ಇನ್ನೊಬ್ಬರ ನೆಲದಿಂದ ಮೂರನೆಯವರ ಆಕಾಶಕ್ಕೆ ಏರುವ ಅನುಕೂಲಕ್ಕೆ ಬೆಲೆ ಕಟ್ಟಿದವರಿಲ್ಲ. 2012ರಿಂದ ಆಫ್ರಿಕಾದ ವಾಯು ಕಾರ್ಯಾಚರಣೆಯ ಹೊಣೆಯೂ ಇದೇ ಕಮಾಂಡ್‌ನದು. ಅದರ ಕೇಂದ್ರ ಕಚೇರಿ ಮಾತ್ರ 1973ರಿಂದಲೂ ಜರ್ಮನಿಯ ರಾಮ್‌ಸ್ಟೈನ್‌ನಲ್ಲೇ ಇದೆ.

ಆ ರಾಮ್‌ಸ್ಟೈನ್ ಈಗ ಡ್ರೋನ್‌ಗಳ ಸಂಕೇತ ದಾಟಿಸುವ ಠಾಣೆಯೂ ಹೌದು. ಅಮೆರಿಕದಲ್ಲಿ ಕುಳಿತ ಪೈಲಟ್‌ನ ಆಜ್ಞೆ ಇಲ್ಲಿಂದ ಉಪಗ್ರಹಕ್ಕೆ ಹೋಗುತ್ತದೆ. 2012ರಲ್ಲಿ ಯೆಮನ್‌ನಲ್ಲಿ ಡ್ರೋನ್ ದಾಳಿಗೆ ಬಂಧುಗಳನ್ನು ಕಳೆದುಕೊಂಡವರು ಮೊಕದ್ದಮೆ ಹೂಡಿದ್ದು ಅಮೆರಿಕದ ಮೇಲಷ್ಟೇ ಅಲ್ಲ, ನೆಲ ಕೊಟ್ಟ ಜರ್ಮನಿಯ ಮೇಲೂ. 2019ರಲ್ಲಿ ಮ್ಯೂನ್‌ಸ್ಟರ್ ನ್ಯಾಯಾಲಯ ಅವರ ವಾದವನ್ನು ಭಾಗಶಃ ಒಪ್ಪಿತು. ಆದರೆ 2025ರ ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಅವರ ದೂರನ್ನು ತಳ್ಳಿಹಾಕಿತು. ಹೊರದೇಶದವರ ಜೀವ ಕಾಯುವ ಹೊಣೆ ಕೆಲವು ಸಂದರ್ಭಗಳಲ್ಲಿ ಜರ್ಮನಿಗೂ ಬರಬಹುದು ಎಂಬ ಮಾತನ್ನು ಮಾತ್ರ ಅದು ತೀರ್ಪಿನಲ್ಲಿ ಉಳಿಸಿಕೊಂಡಿದೆ.